ಅಮೃತಾಪುರದಾಚೆ ಎರಡಾದ ಗಾಡಿ

ನಮ್ಮ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಬಂದದ್ದು 2022ರ ಜನವರಿಯಲ್ಲಿ. ನಾನು ಹೇಳಹೊರಟಿರುವುದು ಅದಕ್ಕೂ ಮೊದಲು, ನಾವಿನ್ನೂ ಗಾರ್ಡ್ ಎಂದೇ ಕರೆಸಿಕೊಳ್ಳುತ್ತಿದ್ದ ಕಾಲದ ಒಂದು ನವೆಂಬರ್ ಬೆಳಗಿನ ಸಂಗತಿ. ಮಂಗಳೂರಿನ ಬಂದರಿನಿಂದ ಕಲ್ಲಿದ್ದಲು ತುಂಬಿಕೊಂಡು ಬಳ್ಳಾರಿ ಕಡೆಗೆ ಹೊರಟಿದ್ದ ಗೂಡ್ಸ್ ಗಾಡಿಗೆ ಅರಸೀಕೆರೆಯಲ್ಲಿ ಹತ್ತಿದ್ದೆ. 58 ವ್ಯಾಗನ್‌ಗಳು, ಮುಂದೆ ಎರಡು ಡೀಸೆಲ್ ಎಂಜಿನ್‌ಗಳು, ಕೊನೆಯಲ್ಲಿ ಬ್ರೇಕ್ ವ್ಯಾನ್, ಅದರೊಳಗೆ ನಾನೊಬ್ಬನೇ. ಎಂಜಿನ್‌ನಲ್ಲಿರುವ ಇಬ್ಬರಿಗೂ ನನಗೂ ನಡುವೆ ಆರುನೂರು ಮೀಟರಿಗೂ ಮಿಕ್ಕಿದ ದೂರ. ತುಂಬಿದ ಒಂದೊಂದು ವ್ಯಾಗನ್ 80 ಟನ್‌ಗೂ ಹೆಚ್ಚು ತೂಗುತ್ತದೆ.

ಚಿಕ್ಕಜಾಜೂರಿನಲ್ಲಿ ಹುಬ್ಬಳ್ಳಿಯ ಹಾದಿ ಬಿಟ್ಟು ಚಿತ್ರದುರ್ಗದ ಹಾದಿ ಹಿಡಿದೆವು. ಅಮೃತಾಪುರ ದಾಟಿದ ಮೇಲೆ ಹಳಿ ದುರಸ್ತಿ ನಡೆದಿದ್ದ ಒಂದು ಕಡೆ ನಿಧಾನವಾಗಿ ಸಾಗಬೇಕೆಂಬ ಆದೇಶವಿತ್ತು. ಅದನ್ನು ಮುಗಿಸಿ, ಒಂದು ಸಣ್ಣ ಏರನ್ನು ಹತ್ತುತ್ತ ಗಾಡಿ ಮತ್ತೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದಾಗ ಮುಂದಿನಿಂದ ಒಂದು ಜಗ್ಗು ಬಂತು. ಉದ್ದ ಗಾಡಿಯಲ್ಲಿ ಜಗ್ಗು ಹೊಸದೇನಲ್ಲ. ಆದರೆ ಅದರ ಬೆನ್ನಿಗೇ ನನ್ನ ಮುಂದಿದ್ದ, ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಸರ್ರನೆ ಸೊನ್ನೆಗೆ ಇಳಿಯಿತು, ಚಕ್ರಗಳು ಕಿರುಗುಟ್ಟಿದವು, ವ್ಯಾನು ನಿಂತೇಬಿಟ್ಟಿತು. ಆಗ ಗಂಟೆ 5.40. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ದೂರದಲ್ಲಿ ಇನ್ನೂ ಉರಿಯುತ್ತಿದ್ದವು.

ವಾಕಿಟಾಕಿಯಲ್ಲಿ ಲೋಕೊ ಪೈಲಟ್, ಅಂದರೆ ಎಂಜಿನ್ ಚಾಲಕರು, "ಗಾರ್ಡ್ ಸಾಹೇಬ್ರೇ, ಏರ್ ಪೂರ್ತಿ ಡ್ರಾಪ್ ಆಗಿದೆ" ಎಂದರು. ಗಾಡಿಯ ಉದ್ದಕ್ಕೂ ಹಾದುಹೋಗುವ ಬ್ರೇಕ್ ಪೈಪಿನಲ್ಲಿ, ಎಂಜಿನ್ ಬಳಿ, ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ. ಒತ್ತಡ ಇದ್ದಷ್ಟು ಹೊತ್ತು ಬ್ರೇಕು ಸಡಿಲ, ಒತ್ತಡ ಹೋದರೆ ಬ್ರೇಕು ಬಿಗಿ. ಆದ್ದರಿಂದ ಗಾಡಿ ನಡುವೆ ಹರಿದರೆ ಪೈಪೂ ಬಿಚ್ಚಿಕೊಂಡು ಎರಡೂ ತುಂಡುಗಳು ತಾವಾಗಿಯೇ ನಿಲ್ಲುತ್ತವೆ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಕಂಡುಕೊಂಡ ಈ ಉಪಾಯಕ್ಕೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಆದರೆ ಗಾಡಿ ನಿಂತಿದೆ ಎಂಬುದೇ ಬೇರೆ, ಗಾಡಿ ಕದಲದು ಎಂಬುದೇ ಬೇರೆ. ಪ್ರತಿ ವ್ಯಾಗನ್ನಿನ ಬ್ರೇಕನ್ನು ಆ ಹೊತ್ತಿನಲ್ಲಿ ಹಿಡಿದಿಡುವುದು ಅದರ ಸಿಲಿಂಡರಿನಲ್ಲಿರುವ ಗಾಳಿ. ಆ ಗಾಳಿ ಹೊತ್ತು ಕಳೆದಂತೆ ಸಣ್ಣಗೆ ಸೋರುತ್ತದೆ, ಕೆಲವು ವ್ಯಾಗನ್‌ಗಳಲ್ಲಿ ಬೇಗ, ಕೆಲವುಗಳಲ್ಲಿ ತಡವಾಗಿ. ನನ್ನ ಕಡೆಯ ತುಂಡು ಏರಿನ ಮೇಲೆ, ಅಮೃತಾಪುರದ ಕಡೆಗೆ ಇಳಿಜಾರಾಗಿ ನಿಂತಿತ್ತು. ವ್ಯಾಗನ್‌ಗಳನ್ನು ಒಂದಕ್ಕೊಂದು ಕೂಡಿಸುವ ಕಪ್ಲಿಂಗ್ ಎಲ್ಲಿ ಮುರಿದಿದೆ ಎಂದು ನೋಡಲು ಟಾರ್ಚ್ ಹಿಡಿದು ಮುಂದಕ್ಕೆ ಓಡಬೇಕೆಂದು ಕಾಲು ತವಕಿಸುತ್ತಿದ್ದರೂ, ನನಗೆ ಕೆಲಸ ಕಲಿಸಿದ ಹಿರಿಯ ಗಾರ್ಡ್ ಒಬ್ಬರು "ಮುರಿದದ್ದು ಎಲ್ಲಿಗೂ ಹೋಗಲ್ಲ, ನಿಂತದ್ದು ಹೋಗುತ್ತೆ" ಎಂದು ಹೇಳುತ್ತಿದ್ದುದು ನೆನಪಾಗಿ, ಮೊದಲು ವ್ಯಾನಿನ ಹ್ಯಾಂಡ್ ಬ್ರೇಕನ್ನು ಕೈಸೋಲುವವರೆಗೆ ತಿರುಗಿಸಿದೆ. ಕೆಳಗಿಳಿದು, ಹಿಂದಿನಿಂದ ಮುಂದಕ್ಕೆ ಹತ್ತು ವ್ಯಾಗನ್‌ಗಳ ಹ್ಯಾಂಡ್ ಬ್ರೇಕುಗಳನ್ನು ಒಂದೊಂದಾಗಿ ಬಿಗಿದೆ. ಎರಡು ಚಕ್ರಗಳ ಹಿಂಬದಿಗೆ ಮರದ ಬೆಣೆ ಕೊಟ್ಟೆ. ನಮ್ಮ ಹಿಂದೆ ಅಮೃತಾಪುರದಲ್ಲಿ ಒಂದು ಪ್ಯಾಸೆಂಜರ್ ಗಾಡಿ ಬಂದು ಕಾದು ನಿಂತಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಸಹಾಯಕ ಲೋಕೊ ಪೈಲಟ್ ಮುಂದಿನಿಂದ ನಡೆದುಬಂದು, 31 ಮತ್ತು 32ನೆಯ ವ್ಯಾಗನ್ ನಡುವೆ ನಕಲ್ ಮುರಿದಿದೆ, ಇಪ್ಪತ್ತು ಅಡಿ ಅಂತರ ಬಿದ್ದಿದೆ, ಯಾವುದೂ ಹಳಿ ತಪ್ಪಿಲ್ಲ ಎಂದು ತಿಳಿಸಿದ. ನಕಲ್ ಎಂದರೆ ಕಪ್ಲಿಂಗಿನ ಉಕ್ಕಿನ ಬೆರಳು. ಇಬ್ಬರು ಬೆರಳು ಮಡಚಿ ಒಬ್ಬರದನ್ನೊಬ್ಬರು ಕೊಕ್ಕೆಯಂತೆ ಹಿಡಿದು ಎಳೆದಾಡುವುದನ್ನು ನೆನೆದರೆ ಅದರ ಕೆಲಸ ತಿಳಿಯುತ್ತದೆ. ಮಿತಿಮೀರಿ ಎಳೆದಾಗ ಇಡೀ ಕಪ್ಲಿಂಗ್ ಕಿತ್ತುಬರುವ ಬದಲು ಆ ಬೆರಳೊಂದೇ ಮುರಿಯಲಿ, ದಾರಿಯಲ್ಲೇ ಬದಲಾಯಿಸುವಂತಿರಲಿ ಎಂಬುದು ಅದರ ಹಿಂದಿನ ಯೋಚನೆ.

ಹುಡುಗ ಹೊಸಬ, ಚುರುಕಿನವನು. ಹಿಂದಿನ ತುಂಡಿನ ತುದಿಯಲ್ಲಿದ್ದ ಆಂಗಲ್ ಕಾಕನ್ನು, ಅಂದರೆ ಬ್ರೇಕ್ ಪೈಪಿನ ಬಾಯಿಯ ಕವಾಟವನ್ನು, ಮುಚ್ಚಿಬಿಡಲೇ ಎಂದು ವಾಕಿಟಾಕಿಯಲ್ಲಿ ಕೇಳಿದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು. ಮುಂದಿನ ತುಂಡಿನ ಕಾಕನ್ನು ಮುಚ್ಚಲೇಬೇಕು, ಇಲ್ಲದಿದ್ದರೆ ಎಂಜಿನ್ ಗಾಳಿ ತುಂಬಲಾರದು. ಹಿಂದಿನದನ್ನು ಮಾತ್ರ ತೆರೆದೇ ಇಡಬೇಕು, ಏಕೆಂದರೆ ಪೈಪಿನಲ್ಲಿ ಗಾಳಿ ಉಳಿದಿರುವಾಗ ಅದನ್ನು ಮುಚ್ಚಿದರೆ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಅತ್ತಿತ್ತ ಹರಿದು ಸಮವಾಗುವಾಗ ಬ್ರೇಕುಗಳು ಸಡಿಲಗೊಳ್ಳುವ ಸಂಭವವಿದೆ. ಎಂಜಿನ್ ಇಲ್ಲದ 27 ವ್ಯಾಗನ್‌ಗಳು, ಎರಡು ಸಾವಿರ ಟನ್‌ಗಿಂತ ಹೆಚ್ಚು ತೂಕ, ಇಳಿಜಾರು. "ಮುಟ್ಟಬೇಡ, ತೆರೆದೇ ಇರಲಿ" ಎಂದೆ. ಮುಟ್ಟುವ ಮೊದಲು ಕೇಳಿದನಲ್ಲ ಎಂಬುದಕ್ಕೆ ಅವನನ್ನು ಇಂದಿಗೂ ಮೆಚ್ಚುತ್ತೇನೆ.

ನಂತರ ಗಾಡಿಯ ರಕ್ಷಣೆಗೆಂದು ಹಿಂದಕ್ಕೆ ನಡೆದೆ. 600 ಮೀಟರಿನಲ್ಲಿ ಹಳಿಯ ಮೇಲೆ ಒಂದು ಡಿಟೊನೇಟರ್, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಚಕ್ರ ಹತ್ತಿದೊಡನೆ ಸಿಡಿದು ಬರುವ ಗಾಡಿಯ ಚಾಲಕನನ್ನು ಎಚ್ಚರಿಸುವ ಇವುಗಳನ್ನು ನಮ್ಮವರು ಪಟಾಕಿ ಎನ್ನುತ್ತಾರೆ. ಮಂಜು ಕವಿದ ಮೆಕ್ಕೆಜೋಳದ ಹೊಲಗಳ ನಡುವೆ ಒಬ್ಬನೇ ನಡೆಯುವಾಗ ತರಬೇತಿಯಲ್ಲಿ ಕೇಳಿದ್ದ ಕೆನಡಾದ ಲಾಕ್ ಮೆಗಾಂಟಿಕ್ ಊರಿನ ಕಥೆ ತಲೆಯಲ್ಲಿ ಸುತ್ತುತ್ತಿತ್ತು. 2013ರ ಜುಲೈಯಲ್ಲಿ ಅಲ್ಲಿ ಕಚ್ಚಾ ತೈಲ ತುಂಬಿದ 72 ಟ್ಯಾಂಕರ್‌ಗಳ ಗಾಡಿಯನ್ನು ಇಳಿಜಾರಿನಲ್ಲಿ ಏಳೇ ಹ್ಯಾಂಡ್ ಬ್ರೇಕುಗಳನ್ನು ಹಾಕಿ ಬಿಟ್ಟಿದ್ದರು. ಎಂಜಿನ್ ಆರಿಸಿದ ಮೇಲೆ ಗಾಳಿ ಸೋರಿ, ನಡುರಾತ್ರಿಯ ಬಳಿಕ ಗಾಡಿ ತಾನಾಗಿ ಉರುಳಿ ಊರೊಳಗೆ ಹಳಿ ತಪ್ಪಿ ಹೊತ್ತಿಕೊಂಡು 47 ಜನ ಸತ್ತರು. ನನ್ನ ಹತ್ತು ಸಾಕೇ ಎಂಬ ಅನುಮಾನ ಕಾಡಿ, ಹಿಂದಿರುಗಿದವನೇ ಇನ್ನೆರಡನ್ನು ಬಿಗಿದೆ.

ಎಂಜಿನ್‌ನಲ್ಲಿದ್ದ ಬಿಡಿ ನಕಲ್‌ನ ತೂಕ ಮೂವತ್ತು ಕಿಲೋಗಿಂತ ಹೆಚ್ಚು. ಅದನ್ನು ನಾವಿಬ್ಬರೂ ಜಲ್ಲಿಯ ಮೇಲೆ ಮುಗ್ಗರಿಸುತ್ತ ಮುನ್ನೂರು ಮೀಟರಿಗೂ ಹೆಚ್ಚು ದೂರ ಹೊತ್ತು ತಂದೆವು. ಪಿನ್ನು ಎಳೆದು, ಹಳೆಯದರ ಮೋಟು ತೆಗೆದು, ಹೊಸದನ್ನು ಕೂರಿಸಿ, ಪಿನ್ನು ಇಳಿಸಿದೆವು. ಇದು ಇಪ್ಪತ್ತೇ ನಿಮಿಷದ ಕೆಲಸ. ಆಮೇಲೆ ಇಬ್ಬರೂ ಅಂತರದಿಂದ ಹೊರಗೆ ಬಂದು, ಒಬ್ಬರನ್ನೊಬ್ಬರು ಕಣ್ಣಾರೆ ಕಂಡ ಮೇಲೆಯೇ ನಾನು ಲೋಕೊ ಪೈಲಟ್‌ಗೆ ಹಿಂದೆ ಬರಲು ಸಂಕೇತ ಕೊಟ್ಟೆ. ಗಾರ್ಡ್ ಹೇಳದೆ ಮುಂದಿನ ತುಂಡು ಒಂದು ಅಡಿಯೂ ಹಿಂದಕ್ಕೆ ಬರಬಾರದು. ಅವರು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಬಂದು, ಸ್ವಲ್ಪ ದೂರದಲ್ಲೇ ಒಮ್ಮೆ ನಿಂತು, ಮತ್ತೆ ನನ್ನ ಕೈ ನೋಡಿ ಕೂಡಿಸಿದರು. ಕಪ್ಲಿಂಗ್ ಕಚ್ಚಿದ ಖಣ್ ಎಂಬ ಸದ್ದು ಕೇಳಿದರೂ ನಂಬದೆ, ಒಮ್ಮೆ ಮುಂದಕ್ಕೆ ಎಳೆಸಿ ಪರೀಕ್ಷಿಸಿ, ಬಳಿಕ ಪೈಪು ಜೋಡಿಸಿ ಕಾಕುಗಳನ್ನು ತೆರೆದೆವು.

ಗಾಳಿ ಹಿಂದಿನವರೆಗೆ ತುಂಬಿ, ಬ್ರೇಕು ಹಿಡಿಯುವುದನ್ನೂ ಬಿಡುವುದನ್ನೂ ನೋಡಿಕೊಂಡ ಮೇಲೆ ಹ್ಯಾಂಡ್ ಬ್ರೇಕು ಬಿಚ್ಚುವ ಕೆಲಸ ಶುರುವಾಯಿತು. ಎಣಿಸಿದರೆ ಹನ್ನೊಂದು. ಮತ್ತೆ ಎಣಿಸಿದರೂ ಹನ್ನೊಂದೇ. ಬಿಗಿದದ್ದು ಹನ್ನೆರಡು. ಒಂದು ಬ್ರೇಕು ಬಿಗಿಯಾಗಿಯೇ ಉಳಿದರೆ ಆ ಚಕ್ರ ತಿರುಗದೆ ಹಳಿಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಲೋಕೊ ಪೈಲಟ್ "ಹೊರಡೋಣವೇ" ಎಂದು ಎರಡು ಸಲ ಕೇಳಿದರು. ಪ್ಯಾಸೆಂಜರ್ ಗಾಡಿ ಕಾಯುತ್ತಿರುವ ಸುದ್ದಿ ಬಂದದ್ದು ಆಗಲೇ. "ಇಲ್ಲ" ಎಂದು ಎರಡು ಸಲವೂ ಹೇಳಿ ಮತ್ತೆ ನಡೆದೆ. ಆಮೇಲೆ ಬಿಗಿದಿದ್ದ ಎರಡರಲ್ಲಿ ಒಂದು ಹಾಗೆಯೇ ಉಳಿದಿತ್ತು. ಬಿಚ್ಚಿದೆ. ಗಾಡಿ ಹೊರಟಾಗ 7.50.

ಮುರಿದ ನಕಲ್ ನನ್ನ ಕಾಲ ಬಳಿ, ವ್ಯಾನಿನ ನೆಲದ ಮೇಲಿತ್ತು. ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮೈಯ ಹೆಚ್ಚಿನ ಭಾಗ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು, ಒಂದು ಅಂಚಿನಲ್ಲಿ ಮಾತ್ರ ಹೆಬ್ಬೆರಳಗಲ ಕಪ್ಪು ತುಕ್ಕು ಹಿಡಿದಿತ್ತು. ಹೊಳೆಯುವುದು ಆ ಬೆಳಗಿನ ಮುರಿತ, ಕಪ್ಪು ಎಷ್ಟೋ ದಿನಗಳಿಂದ ಒಳಗೊಳಗೇ ಬೆಳೆದಿದ್ದ ಬಿರುಕು. ಚಿತ್ರದುರ್ಗ ನಿಲ್ದಾಣದಲ್ಲಿ ಅದನ್ನು ಒಪ್ಪಿಸುವ ಮೊದಲು, ವ್ಯಾಗನ್ನಿನ ಸಂಖ್ಯೆಯನ್ನೂ ಆ ಕಪ್ಪು ಗುರುತಿನ ಅಗಲವನ್ನೂ ಮೆಮೊದಲ್ಲಿ ಬರೆದೆ. ಕಾಗದದ ಮೇಲೆಲ್ಲ ಗ್ರೀಸಿನ ಬೆರಳಚ್ಚುಗಳು ಮೂಡಿದ್ದವು.