ಬುಧವಾರದ ಸಾಸಿವೆ ಮೀನು

ಸೋಮವಾರ ನನ್ನ ತಲೆಗೆ ಕೋಡು ಮೂಡಿತ್ತು. ಬುಧವಾರ ಉದುರಿತು.

ಬೆಂಗಳೂರಿನ ಒಂದು ಐಟಿ ಕ್ಯಾಂಪಸ್ಸಿನಲ್ಲಿ ನಾನು ಕಿಚನ್ ಇನ್‌ಚಾರ್ಜ್. ಕ್ಲೈಂಟ್ ಕೇಳಿದರು ಅಂತ ನಮ್ಮ ಜನರಲ್ ಮ್ಯಾನೇಜರ್ (ಜಿ.ಎಂ.) ದಿನಕ್ಕೊಂದು ರಾಜ್ಯದ ಊಟ ಇಟ್ಟಿದ್ದರು. ಸೋಮವಾರ ಕೇರಳ, ಮಂಗಳವಾರ ಗುಜರಾತ್, ಬುಧವಾರ ಬಂಗಾಳ. ದಿನಕ್ಕೊಂದು ಇಂಡೆಂಟ್ (ಸ್ಟೋರಿಗೆ ಕೊಡುವ ಸಾಮಾನಿನ ಪಟ್ಟಿ), ಕೆಲಸದವರು ಮಾತ್ರ ಇದ್ದಷ್ಟೇ.

ಕೇರಳದ ಕೆಂಪು ಮೀನು ಸಾರಿಗೆ ಕೊಡಂಪುಳಿ ಬೇಕು. ಸ್ಟೋರಿನಿಂದ ಬಂದದ್ದು ಕೋಕಂ. ಸಿಸ್ಟಂನಲ್ಲಿ ಎರಡಕ್ಕೂ ಒಂದೇ ಐಟಂ ಕೋಡ್! ನಾನು ಶಿರಸಿ ಕಡೆಯವನು. ಮುರುಗಲು ಯಾವುದು, ಉಪ್ಪಾಗೆ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೋಕಂ ಅಂದರೆ ಮುರುಗಲು, ಸಾರಿಗೆ ನೇರಳೆ ಬಣ್ಣ ಬಿಡುತ್ತದೆ. ಕೊಡಂಪುಳಿ ಅಂದರೆ ನಮ್ಮ ಉಪ್ಪಾಗೆ, ಕಪ್ಪಗೆ ಹೊಗೆ ವಾಸನೆ ಹೊಡೆಯುವ ಸಿಪ್ಪೆ. ಹತ್ತಿರದ ಸಂಬಂಧಿಗಳೇ, ಆದರೆ ಒಂದರ ಬದಲು ಇನ್ನೊಂದು ಹಾಕಿದರೆ ಸಾರು ಬೇರೆಯೇ ಆಗುತ್ತದೆ. ವಾಪಸ್ ಕಳಿಸಿ ಸರಿಯಾದದ್ದನ್ನು ತರಿಸಿದೆ. ಜಿ.ಎಂ. ಗ್ರೂಪಿನಲ್ಲಿ ಚಪ್ಪಾಳೆ ಇಮೋಜಿ ಹಾಕಿದರು. ಅಲ್ಲಿಂದಲೇ ಶುರು ನೋಡಿ.

ಬುಧವಾರದ ಮೆನುವಿನಲ್ಲಿ ಸಾಸಿವೆ ಅರೆದು ಮಾಡುವ ಮೀನು, 300 ಪ್ಯಾಕ್ಸ್, ಅಂದರೆ 300 ಜನಕ್ಕೆ. ನಮ್ಮ ಕಮಿಗಳಲ್ಲಿ (ಕಿರಿಯ ಅಡುಗೆಯವರಲ್ಲಿ) ಒಬ್ಬ ಬಂಗಾಳದ ಮೇದಿನೀಪುರದ ಹುಡುಗ. ತಂಗಿ ಮದುವೆಗೆ ಊರಿಗೆ ಹೊರಡುವಾಗ, ‘ಶೆಫ್, ಬಂಗಾಳದ ದಿನ ನಾನು ಬಂದ ಮೇಲೆ ಇಡಿ’ ಅಂದಿದ್ದ. ಕ್ಯಾಲೆಂಡರ್ ಫ್ರೀಜ್ ಆಗಿದೆ ಅಂದರು ಜಿ.ಎಂ. ನಾನೂ ಒತ್ತಾಯ ಮಾಡಲಿಲ್ಲ. ಸಾಸಿವೆ ಅರೆಯೋದು ನಮಗೇನು ಹೊಸದಾ? ಕಾಯಿ, ಸಾಸಿವೆ ಅರೆದು ಹಾಕುವ ಮಾವಿನಹಣ್ಣಿನ ಸಾಸ್ಮೆ ತಿಂದು ಬೆಳೆದವನು ನಾನು. ಟ್ರಯಲ್ ಕೂಡ ಮಾಡಲಿಲ್ಲ.

ಹೆಡ್ ಆಫೀಸಿನ ರೆಸಿಪಿ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ಸಾಸಿವೆ 2 ಕೆ.ಜಿ., ನೆನೆಸಿ ನುಣ್ಣಗೆ ರುಬ್ಬಿ. ಉಪ್ಪು ಎಂದಿನಂತೆ ಕೊನೇ ಸಾಲಿನಲ್ಲಿ, ರುಚಿಗೆ ತಕ್ಕಷ್ಟು. 11:10ಕ್ಕೆ ಗ್ರೈಂಡರ್ ಹಾಕಿಸಿದೆ. ಅಷ್ಟರಲ್ಲಿ ಕೌಂಟರ್ ಮೇಲಿನ ಬ್ಯಾನರ್ ಸರಿಯಿಲ್ಲ ಅಂತ ಕ್ಲೈಂಟ್ ಕಡೆಯಿಂದ ಫೋನು. ಹೋಗಿ ಬರುವಷ್ಟರಲ್ಲಿ 25 ನಿಮಿಷ ಆಗಿತ್ತು. ಗ್ರೈಂಡರ್ ಇನ್ನೂ ತಿರುಗುತ್ತಲೇ ಇತ್ತು. ಮುಟ್ಟಿದರೆ ಹಿಟ್ಟು ಬೆಚ್ಚಗಿದೆ.

ಬೆರಳಲ್ಲಿ ತೆಗೆದು ನೆಕ್ಕಿದೆ. ಘಾಟು ಮೂಗಿಗೆ ಏರಿತು. ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಗಂಟಲಲ್ಲಿ ಕಹಿ ಇಳಿಯಿತು ನೋಡಿ, ಬೇವು ಅಗಿದ ಹಾಗೆ.

ಆಗಲೇ ನಿಲ್ಲಿಸಬೇಕಿತ್ತು. ‘ಬೆಂದರೆ ಹೋಗುತ್ತೆ ಬಿಡ್ರೋ’ ಅಂತ ಹುಡುಗರಿಗೆ ಧೈರ್ಯ ಹೇಳಿ, ಇದ್ದದ್ದೆಲ್ಲ ಟಿಲ್ಟಿಂಗ್ ಪ್ಯಾನಿಗೆ (ವಾಲಿಸಬಹುದಾದ ದೊಡ್ಡ ಬಾಣಲೆಗೆ) ಸುರಿಸಿದೆ. ಹೋಗಲಿಲ್ಲ. ಸಕ್ಕರೆ ಹಾಕಿದೆ. ಈಗ ಸಿಹಿಯೂ ಕಹಿಯೂ ಬೇರೆ ಬೇರೆಯಾಗಿ ಗೊತ್ತಾಗತೊಡಗಿತು. ಗಡಿಯಾರ 11:55. ಕೌಂಟರ್ ತೆರೆಯುವುದು 12:30ಕ್ಕೆ. ಹುಡುಗರು ನನ್ನ ಮುಖ ನೋಡುತ್ತಾರೆ, ನಾನು ಪ್ಯಾನ್ ನೋಡುತ್ತೇನೆ. ಆ ಐದು ನಿಮಿಷ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮದುವೆ ಮನೆಗೇ ಫೋನ್ ಮಾಡಿದೆ. ಹಿಂದೆ ಗಲಾಟೆಯೋ ಗಲಾಟೆ.

‘ಅರೆಯುವಾಗ ಉಪ್ಪು ಹಾಕಿದ್ರಾ ಶೆಫ್?’

‘ಇಲ್ಲಪ್ಪ.’

‘ಹಸಿಮೆಣಸು?’

‘ಇಲ್ಲ.’

‘ಎಷ್ಟು ಹೊತ್ತು ತಿರುಗಿಸಿದ್ರಿ?’

ಹೇಳಿದೆ. ಒಂದು ಕ್ಷಣ ಅವನ ಮಾತೇ ನಿಂತಿತು. ‘ಚೆಲ್ಲಿಬಿಡಿ ಶೆಫ್. ಅದು ಸರಿಯಾಗಲ್ಲ.’

ಸಾಸ್ಮೆಯಲ್ಲಿ ನಾವು ತೆಂಗಿನಕಾಯಿ ನುಣ್ಣಗಾದ ಮೇಲೆ ಅರ್ಧ ಚಮಚ ಸಾಸಿವೆ ಹಾಕಿ ಒಂದು ಸುತ್ತು ತಿರುಗಿಸಿ ತೆಗೆಯುತ್ತೇವೆ. ಅಮ್ಮ ಯಾಕೆ ಕೊನೆಯಲ್ಲೇ ಹಾಕುತ್ತಾಳೆ ಅಂತ ಒಂದು ದಿನವೂ ಕೇಳಿರಲಿಲ್ಲ. ಜಾಸ್ತಿ ಅರೆದರೆ ಕಹಿ ಅನ್ನುವುದು ಅವಳ ಕೈಗೆ ಗೊತ್ತಿತ್ತು. ಬಂಗಾಳದ ಅಡುಗೆಯಲ್ಲಿ ಸಾಸಿವೆಯೇ ಮಸಾಲೆ. ಅದನ್ನು ತಡೆಯೋಕೆ ಸಾಮಾನ್ಯವಾಗಿ ಕಾಯಿ ಇರಲ್ಲ, ಉಪ್ಪು ಮತ್ತು ಹಸಿಮೆಣಸನ್ನು ಜೊತೆಗೇ ಹಾಕಿ ಬೇಗ ಅರೆದು ಮುಗಿಸುತ್ತಾರೆ.

ಪುಣ್ಯಕ್ಕೆ ಮೀನು ಇನ್ನೂ ಮಸಾಲೆಗೆ ಬಿದ್ದಿರಲಿಲ್ಲ. ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಹುರಿದು, ಟ್ರೇಯಲ್ಲಿ ಇಟ್ಟಿದ್ದೆವು. ಅದೊಂದು ಸರಿ ಮಾಡಿದ್ದೆ. ಒಗ್ಗರಣೆಗೆ ಅಂತ ಸ್ಟೋರಿನಲ್ಲಿ 600 ಗ್ರಾಂ ಸಾಸಿವೆ ಉಳಿದಿತ್ತು. ಹತ್ತು ನಿಮಿಷ ನೆನೆಸಿ, ಉಪ್ಪು, ಹಸಿಮೆಣಸು ಹಾಕಿ, ಚಿಕ್ಕ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟು ಬಿಟ್ಟು ತಿರುಗಿಸಿದೆವು. 300 ಪ್ಲೇಟಿಗೆ ಅದು ಎಲ್ಲಿ ಸಾಲುತ್ತೆ? ಮೊಸರು ಸೇರಿಸಿದೆ, ಆಮೇಲೆ ಬೇರೆ ದಾರಿ ಇಲ್ಲದೆ ತೆಂಗಿನಕಾಯಿ. ಮೀನು ಕೌಂಟರಿನ ಬೇನ್ ಮೇರಿಗೆ (ಊಟ ಬಿಸಿಯಾಗಿಡುವ ಬಿಸಿನೀರಿನ ತೊಟ್ಟಿಗೆ) ಬಂದಾಗ 12:50. ಅಲ್ಲಿಯವರೆಗೆ ದಾಲ್ ಮತ್ತು ಆಲೂಗಡ್ಡೆ ಮಾನ ಉಳಿಸಿದವು.

ಒಬ್ಬರು ಬಂಗಾಳಿ ಮೇಡಂ ಎರಡನೇ ಸಲ ಬಂದರು. ನನ್ನ ಎದೆ ಧಸಕ್ ಅಂದಿತು. ‘ನಮ್ಮ ಅಜ್ಜಿ ಈಗಿನ ಬಾಂಗ್ಲಾದೇಶದ ಬರಿಶಾಲ್‌ನವರು, ಅವರೂ ಕಾಯಿ ಹಾಕುತ್ತಿದ್ದರು’ ಅಂದರು. ಬೇಕೆಂದೇ ಹಾಕಿದವನ ಹಾಗೆ ತಲೆಯಾಡಿಸಿದೆ. ಫೀಡ್‌ಬ್ಯಾಕ್ ಹಾಳೆಯಲ್ಲಿ ಇನ್ಯಾರೋ ಬರೆದಿದ್ದರು: ‘ಮಂಗಳೂರು ಮೀನು ಚೆನ್ನಾಗಿತ್ತು.’

ಕಾರ್ಡ್ ತಿದ್ದಿ ಅಂತ ಹೆಡ್ ಆಫೀಸಿಗೆ ಮೂರು ಮೇಲ್ ಹಾಕಿದೆ. ಅವರ ಸಾಫ್ಟ್‌ವೇರಿನಲ್ಲಿ ಉಪ್ಪಿಗೆ ಇರುವುದು ಒಂದೇ ಜಾಗ, ಕೊನೇ ಸಾಲು. ಅದನ್ನು ಮೇಲೆ ತರೋಕೆ ಆಗಲ್ಲವಂತೆ. ರಜೆ ಮುಗಿಸಿ ಬಂದ ಹುಡುಗ ಗ್ರೈಂಡರಿನ ಪಕ್ಕದ ಗೋಡೆ ಮೇಲೆ ಮಾರ್ಕರಿನಲ್ಲಿ ತನ್ನ ಲಿಪಿಯಲ್ಲಿ ಏನೋ ಬರೆದ. ಕೆಳಗೆ ನಾನು ಕನ್ನಡದಲ್ಲಿ ಬರೆದೆ: ಸಾಸಿವೆಗೆ ಉಪ್ಪು ಮೊದಲು. ಆಡಿಟ್‌ಗೆ ಬಂದವರು ಗೋಡೆ ಗಲೀಜು ಅಂತ ಎರಡು ಪಾಯಿಂಟ್ ಕಡಿದರು.