ಚಾಚಿದ ಸ್ಲೈಡ್ ಮರಳಿ ಒಳಗೆ ಬಾರದಿದ್ದರೆ: ಆರ್‌ವಿ ಪ್ರವಾಸಕ್ಕೆ ಹೊರಡುವವರಿಗೆ

ಆರ್‌ವಿ ಎಂದರೆ ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ. ಸ್ಲೈಡ್ ಎಂದರೆ ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಅದರ ಪಕ್ಕದಿಂದ ಹೊರಕ್ಕೆ ಚಾಚುವ ಕೋಣೆಯ ಭಾಗ. ಅದು ಒಳಗೇ ಸಿಕ್ಕಿಕೊಂಡರೆ ಆ ರಾತ್ರಿ ಇಕ್ಕಟ್ಟಿನಲ್ಲಿ ಮಲಗಬೇಕಾಗುತ್ತದೆ, ಅಷ್ಟೇ. ಹೊರಗೆ ಚಾಚಿದ ಮೇಲೆ ಸಿಕ್ಕಿಕೊಂಡರೆ ಮಾತ್ರ ಗಾಡಿ ಅಲ್ಲಿಂದ ಕದಲುವಂತಿಲ್ಲ. ಪಕ್ಕಕ್ಕೆ ಎರಡು ಮೂರು ಅಡಿ ಚಾಚಿಕೊಂಡ ಕೋಣೆಯೊಂದಿಗೆ ರಸ್ತೆಗಿಳಿಯುವ ಮಾತೇ ಇಲ್ಲ. ಇದು ಮನಸ್ಸಿನಲ್ಲಿದ್ದರೆ ದಾರಿಯುದ್ದಕ್ಕೂ ಅರ್ಧದಷ್ಟು ತೀರ್ಮಾನಗಳು ಸಲೀಸು. ಒಂದೇ ರಾತ್ರಿಯ ತಂಗುವಿಕೆಯೇ? ಬ್ಯಾಟರಿ ಸೊರಗಿದೆಯೇ? ಮೋಟರಿನ ಸದ್ದು ನಿನ್ನೆಯಂತಿಲ್ಲವೇ? ಹಾಗಿದ್ದರೆ ಸ್ಲೈಡ್ ಹೊರಗೆ ಚಾಚುವ ಗೋಜಿಗೇ ಹೋಗಬೇಡಿ. ಸ್ಲೈಡ್ ಒಳಗಿದ್ದಾಗ ಹಾಸಿಗೆ, ಶೌಚಾಲಯ, ಫ್ರಿಜ್ ಕೈಗೆಟಕುತ್ತವೆಯೇ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಂಡಿರಬೇಕು. ಎಟಕುವುದಿಲ್ಲವಾದರೆ ಸ್ಲೈಡ್ ಚಾಚದೆ ಬಿಡುವ ಆಯ್ಕೆಯೇ ನಿಮಗಿರುವುದಿಲ್ಲ. ಹಾಗಾಗಿ ತಯಾರಿ ಇನ್ನೂ ಗಟ್ಟಿಯಾಗಿರಬೇಕು.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆಯ ಯಂತ್ರ ಎಂಬುದನ್ನು ಮೊದಲು ತಿಳಿಯಿರಿ, ಏಕೆಂದರೆ ಕೆಟ್ಟಾಗ ಮಾಡುವ ಕೆಲಸ ಒಂದೊಂದಕ್ಕೂ ಬೇರೆ. ಸ್ಲೈಡ್ ತೆರೆದು ಕೆಳಗೆ ಬಗ್ಗಿ ನೋಡಿ. ಹಲ್ಲು ಕೊರೆದ ಉದ್ದನೆಯ ಕಬ್ಬಿಣದ ತೊಲೆಗಳು ಕಂಡರೆ ಅದು ರ‍್ಯಾಕ್ ಅಂಡ್ ಪಿನಿಯನ್: ಒಂದು ಮೋಟರ್, ಎರಡೂ ಬದಿಯ ಗೇರ್‌ಗಳನ್ನು ಜೋಡಿಸುವ ಅಡ್ಡ ಶಾಫ್ಟ್. ಕೆಳಗೆ ಏನೂ ಇಲ್ಲದೆ, ಸ್ಲೈಡಿನ ಎರಡೂ ಪಕ್ಕದ ಗೋಡೆಗಳಲ್ಲಿ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಹಲ್ಲುಪಟ್ಟಿ ಕಂಡರೆ ಅದು ಗೋಡೆಯೊಳಗಿನ ವ್ಯವಸ್ಥೆ, ಬಳಕೆದಾರರ ಬಾಯಲ್ಲಿ ಶ್ವಿಂಟೆಕ್. ಅದರಲ್ಲಿ ಬದಿಗೊಂದು ಸಣ್ಣ ಮೋಟರ್ ಇದ್ದು, ಎರಡನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದು ಕಂಟ್ರೋಲರ್. ಮೂಲೆಗಳಲ್ಲಿ ಉಕ್ಕಿನ ತಂತಿಹಗ್ಗ ಕಂಡರೆ ಕೇಬಲ್ ಸ್ಲೈಡ್. ಪಂಪು, ಎಣ್ಣೆ ತೊಟ್ಟಿ, ದಪ್ಪ ಪೈಪುಗಳಿದ್ದರೆ ಹೈಡ್ರಾಲಿಕ್.

ಬಾಡಿಗೆ ಗಾಡಿಯಾದರೆ, ಕೀ ಕೈಗೆ ಬರುವಾಗಲೇ ಮೂರು ವಿಷಯ ಕೇಳಿ: ಕೈಯಿಂದ ಸ್ಲೈಡ್ ಎಳೆಯುವ ಜಾಗ ಎಲ್ಲಿದೆ, ಅದರ ಹಿಡಿಕೆ ಎಲ್ಲಿದೆ, ಸ್ಲೈಡಿನ ಫ್ಯೂಸ್ ಯಾವುದು. ಅವರೆದುರೇ ಒಮ್ಮೆ ಪೂರ್ತಿ ಹೊರಗೆ, ಪೂರ್ತಿ ಒಳಗೆ ಮಾಡಿಸಿ. ಆಗ ಮೋಟರಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆದಿಡಿ. ನಾಲ್ಕನೆಯ ದಿನ ‘ಇದು ಮೊದಲಿನಿಂದಲೂ ಹೀಗೇ ಇತ್ತೇ?’ ಎಂಬ ಅನುಮಾನ ಬಂದೇ ಬರುತ್ತದೆ. ಉತ್ತರ ಆ ರೆಕಾರ್ಡಿಂಗ್‌ನಲ್ಲಿರುತ್ತದೆ.

ಸ್ವಂತ ಗಾಡಿಯಾದರೆ ಹೊರಡುವ ಒಂದು ವಾರ ಮುಂಚೆಯಾದರೂ ಸ್ಲೈಡ್ ಹೊರಗೆ ಚಾಚಿ ಹಲ್ಲುಪಟ್ಟಿಯ ಧೂಳು, ಎಲೆ, ಕಲ್ಲುಹರಳುಗಳನ್ನು ಬ್ರಷ್‌ನಿಂದ ತೆಗೆಯಿರಿ. ಗ್ರೀಸ್ ಬಳಿಯಬೇಡಿ. ದಾರಿಯ ಧೂಳು ಗ್ರೀಸಿಗೆ ಅಂಟಿ, ಅದು ಉಜ್ಜುಕಾಗದದಂತೆ ಹಲ್ಲುಗಳನ್ನು ಸವೆಸುತ್ತದೆ. ಒಣಗಿ ಪದರವಾಗಿ ಉಳಿಯುವ ಡ್ರೈ ಲ್ಯೂಬ್ರಿಕೆಂಟ್ ಸ್ಪ್ರೇ ಸಾಕು. ಸುತ್ತಲಿನ ರಬ್ಬರ್ ಸೀಲ್‌ಗಳನ್ನು ಸೋಪಿನ ನೀರಿನಿಂದ ತೊಳೆದು, ರಬ್ಬರಿಗೆಂದೇ ಇರುವ ಕಂಡೀಷನರ್ ಹಚ್ಚಿ. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಒಣಗಿದ ಸೀಲ್ ಸ್ಲೈಡಿಗೆ ಕಚ್ಚಿಕೊಂಡು ಮೋಟರಿಗೆ ದುಪ್ಪಟ್ಟು ಭಾರವಾಗುವುದುಂಟು. ಯಂತ್ರದ ತಪ್ಪೆಂದು ತೋರುವ ಎಷ್ಟೋ ತೊಂದರೆಗಳ ಬೇರು ಇಲ್ಲೇ ಇರುತ್ತದೆ.

ಜೊತೆಗಿರಬೇಕಾದ ಸಾಮಾನು: ಮಲ್ಟಿಮೀಟರ್, ನಿಮ್ಮ ಪ್ಯಾನೆಲ್ಲಿಗೆ ಹೊಂದುವ 15, 20, 30 ಆಂಪ್ ಫ್ಯೂಸ್‌ಗಳು ಎರಡೆರಡು, ರ‍್ಯಾಕ್ ವ್ಯವಸ್ಥೆಗೆ ಅದೇ ಅಳತೆಯ ಶಿಯರ್ ಪಿನ್ ಎರಡು, ಕೈಹಿಡಿಕೆ, ಕಾರ್ಡ್‌ಲೆಸ್ ಡ್ರಿಲ್ ಮತ್ತು ಅದಕ್ಕೆ ಹೊಂದುವ ಸಾಕೆಟ್, ಅಲೆನ್ ಕೀ ಸೆಟ್, ಅಗಲದ ರ‍್ಯಾಚೆಟ್ ಪಟ್ಟಿ ಎರಡು, ಉದ್ದ ಕೋಲಿನ ಪೊರಕೆ, ತಲೆಗೆ ಕಟ್ಟುವ ಟಾರ್ಚ್, ಗಟ್ಟಿ ಮರದ ತುಂಡುಗಳು. ಶಿಯರ್ ಪಿನ್ನಿನ ಬದಲಿಗೆ ‘ಗಟ್ಟಿಮುಟ್ಟಾದ’ ಬೋಲ್ಟ್ ಹಾಕುವ ಜಾಣತನ ಬೇಡ. ಗೇರ್‌ಬಾಕ್ಸ್ ಉಳಿಯಲೆಂದು ಮೊದಲು ಮುರಿಯುವುದೇ ಆ ಪಿನ್ನಿನ ಕೆಲಸ.

ತಂಗುದಾಣ ತಲುಪಿದ ಮೇಲೆ ಗಾಡಿಯನ್ನು ನಿಲ್ಲಿಸುವಾಗಲೇ ಸ್ಲೈಡ್ ಚಾಚುವಷ್ಟು ಜಾಗ, ಅದರ ಮೇಲೆ ಇನ್ನೊಂದಡಿ ಬಿಡಿ. ಮರದ ಕೊಂಬೆ ಕಣ್ಣಿಗೆ ಬೀಳುತ್ತದೆ. ಮೊಣಕಾಲೆತ್ತರದ ಕರೆಂಟ್ ಕಂಬ, ನೀರಿನ ನಲ್ಲಿ, ತೆರೆದಿಟ್ಟ ಡಿಕ್ಕಿ ಬಾಗಿಲು ಬೀಳುವುದಿಲ್ಲ. ಆಮೇಲೆ ಗಾಡಿಯನ್ನು ಸಮ ಮಾಡಿ, ರಸಮಟ್ಟವನ್ನು ಸ್ಲೈಡಿನ ಪಕ್ಕದ ನೆಲದ ಮೇಲಿಟ್ಟು ನೋಡಿ. ಗಾಡಿ ವಾಲಿದ್ದರೆ ಸ್ಲೈಡ್ ಇಳಿಜಾರಿನಲ್ಲಿ ಜಾರುತ್ತದೆ ಇಲ್ಲವೇ ಏರಬೇಕಾಗುತ್ತದೆ. ಚೌಕಟ್ಟು ತಿರುಚಿಕೊಂಡರಂತೂ ಒಂದು ಮೂಲೆ ಕಚ್ಚಿಕೊಳ್ಳುತ್ತದೆ. ಆದರೆ ಮೊದಲು ಸಮ ಮಾಡಬೇಕೋ, ಮೊದಲು ಸ್ಲೈಡ್ ಚಾಚಬೇಕೋ ಎಂಬುದರಲ್ಲಿ ತಯಾರಕರಲ್ಲೇ ಒಮ್ಮತವಿಲ್ಲ. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಸ್ಟೆಬಿಲೈಸರ್ ಜ್ಯಾಕ್‌ಗಳಿರುವುದು ಅಲುಗಾಟ ತಡೆಯಲು. ಅವುಗಳಿಂದ ಗಾಡಿಯನ್ನೇ ಎತ್ತಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ.

ಹೊರಗಿನ ಕರೆಂಟ್ ಜೋಡಿಸಿ, ಇಲ್ಲವೇ ಜನರೇಟರ್ ಅಥವಾ ಎಂಜಿನ್ ಓಡಿಸಿ, ಆಮೇಲೆ ಸ್ವಿಚ್ ಒತ್ತಿ. ಒಬ್ಬರು ಒಳಗೆ, ಒಬ್ಬರು ಹೊರಗೆ. ಸ್ವಿಚ್ಚನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಆಟವಾಡಿಸದೆ, ಸ್ಲೈಡ್ ಕೊನೆ ಮುಟ್ಟಿ ಮೋಟರ್ ನಿಲ್ಲುವವರೆಗೂ ಹಿಡಿದಿರಿ. ಶ್ವಿಂಟೆಕ್‌ನಲ್ಲಿ ನಿಂತ ಮೇಲೂ ಮೂರು ನಾಲ್ಕು ಸೆಕೆಂಡ್ ಹಿಡಿದಿರಬೇಕು, ಎರಡೂ ಮೋಟರ್‌ಗಳ ಲೆಕ್ಕ ಹೊಂದುವುದು ಆಗಲೇ. ತುಂಡು ತುಂಡಾಗಿ ಓಡಿಸಿದರೆ ಒಂದು ಬದಿ ಮುಂದೆ, ಒಂದು ಬದಿ ಹಿಂದೆ ಉಳಿದು ಸ್ಲೈಡ್ ಸೊಟ್ಟಗಾಗುತ್ತದೆ.

ಈಗ ತೊಂದರೆಯ ಮಾತು. ಸ್ಲೈಡ್ ಕದಲದಿದ್ದಾಗ ಎಲ್ಲರ ಕೈಯೂ ಮತ್ತೆ ಮತ್ತೆ ಸ್ವಿಚ್ಚಿಗೇ ಹೋಗುತ್ತದೆ. ಅದನ್ನು ತಡೆಯಿರಿ. ಮೋಟರಿಗೆ ಕರೆಂಟ್ ಹೋಗುವ ದಾರಿಯಲ್ಲಿ ಬಹಳಷ್ಟು ಗಾಡಿಗಳಲ್ಲಿ ತಾನೇ ಬಿದ್ದು ತಾನೇ ಏಳುವ ಸರ್ಕ್ಯೂಟ್ ಬ್ರೇಕರ್ ಇರುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗಿ ಕೈಕೊಡುತ್ತದೆ. ಐದು ನಿಮಿಷ ಬಿಟ್ಟು, ಕಿವಿಗೊಟ್ಟು ಒಮ್ಮೆ ಮಾತ್ರ ಒತ್ತಿ.

ಏನೂ ಸದ್ದಿಲ್ಲವೇ? ಅದು ವಿದ್ಯುತ್ತಿನ ತೊಂದರೆ ಅಥವಾ ಸುರಕ್ಷಾ ಬೀಗದ್ದು. ಮೋಟರ್ ಹೋಮ್‌ಗಳಲ್ಲಿ, ಅಂದರೆ ತನ್ನದೇ ಎಂಜಿನ್ ಇರುವ ಆರ್‌ವಿಗಳಲ್ಲಿ, ಪಾರ್ಕಿಂಗ್ ಬ್ರೇಕ್ ಹಾಕಿರದಿದ್ದರೆ, ಕೀ ಸರಿಯಾದ ಸ್ಥಾನದಲ್ಲಿರದಿದ್ದರೆ ಸ್ಲೈಡ್ ಅಲ್ಲಾಡದಂತೆ ತಡೆ ಇರುವುದುಂಟು. ಪಾರ್ಕಿಂಗ್ ಬ್ರೇಕನ್ನು ಒಮ್ಮೆ ಬಿಟ್ಟು ಮತ್ತೆ ಎಳೆದು ನೋಡಿ. ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ಆಫ್ ಆಗಿರುವುದೂ ಅಪರೂಪವಲ್ಲ. ಫ್ಯೂಸ್ ಆಮೇಲೆ. ಕಣ್ಣಳತೆಯಲ್ಲಿ ಸರಿಯಿದೆ ಎನ್ನದೆ ಮಲ್ಟಿಮೀಟರ್‌ನಿಂದ ನೋಡಿ.

ಟಕ್ ಟಕ್ ಎಂಬ ಸದ್ದು ಮಾತ್ರ ಬಂದರೆ ರಿಲೇ (ಮೋಟರಿಗೆ ಕರೆಂಟ್ ಹಾಯಿಸುವ ವಿದ್ಯುತ್ ಚಾಲಿತ ಸ್ವಿಚ್) ಕೂರುತ್ತಿದೆ, ಆದರೆ ಮೋಟರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ. ಇಲ್ಲಿ ವೋಲ್ಟ್ ಅಳೆಯುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಚಾರ್ಜಿಂಗ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದದು. ಅದು ಬಹುತೇಕ ಬರಿದಾಗುವವರೆಗೂ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಇನ್ನೊಬ್ಬರು ಸ್ವಿಚ್ ಒತ್ತಿ ಹಿಡಿದಿರುವಾಗ ಮೋಟರಿನ ತುದಿಗಳಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 12.4 ಇದ್ದು ಮೋಟರಿನಲ್ಲಿ 10 ಬಂದರೆ, ನಡುವಿನ 2.4 ವೋಲ್ಟನ್ನು ತುಕ್ಕು ಹಿಡಿದ ಕನೆಕ್ಷನ್ ನುಂಗುತ್ತಿದೆ. ಬಹುತೇಕ ಅದು ಅರ್ತಿಂಗ್ ಬದಿಯದೇ. ಸ್ವಿಚ್ ಒತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್‌ನಿಂದ ಮೋಟರಿನ ನೆಗೆಟಿವ್ ವೈರಿಗೆ ಅಳೆದರೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಬರಬಾರದು. ಬಂದರೆ ಚಾಸಿಗೆ ಬಿಗಿದ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಿರಿ. ಅಷ್ಟರಲ್ಲೇ ಸರಿಹೋಗುವುದುಂಟು.

ಮೋಟರಿಗೆ ಪೂರ್ತಿ 12 ವೋಲ್ಟ್ ತಲುಪಿಯೂ ಅದು ತಿರುಗದಿದ್ದರೆ ಮೋಟರ್ ಅಥವಾ ಅದರ ಬ್ರೇಕ್ ಕೆಟ್ಟಿದೆ. ಬ್ರಷ್ ಸವೆದ ಮೋಟರನ್ನು ಮರದ ತುಂಡಿನಿಂದ ಹಗುರವಾಗಿ ತಟ್ಟಿದರೆ ಕೊನೆಯದಾಗಿ ಒಮ್ಮೆ ಓಡಬಹುದು. ಆ ಒಂದು ಓಟವನ್ನು ಸ್ಲೈಡ್ ಒಳಗೆಳೆಯಲು ಮಾತ್ರ ಬಳಸಿ. ಮೋಟರ್ ಓಡುತ್ತಿದೆ, ಸ್ಲೈಡ್ ಕದಲುತ್ತಿಲ್ಲ ಎಂದರೆ ಬಹುಶಃ ಶಿಯರ್ ಪಿನ್ ತುಂಡಾಗಿದೆ. ಒಂದೇ ಬದಿ ಚಲಿಸಿ ಸ್ಲೈಡ್ ಓರೆಯಾದರೆ ಆ ಕ್ಷಣವೇ ಕೈ ಬಿಡಿ. ರ‍್ಯಾಕ್ ವ್ಯವಸ್ಥೆಯಲ್ಲಿ ಅಡ್ಡ ಶಾಫ್ಟಿನ ಬೋಲ್ಟ್ ಕಡಿದಿರಬಹುದು, ಕೇಬಲ್ ವ್ಯವಸ್ಥೆಯಲ್ಲಿ ಒಂದು ತಂತಿ ಹೋಗಿರಬಹುದು. ಓರೆಯಾದದ್ದನ್ನು ಒತ್ತಾಯದಿಂದ ಓಡಿಸಿದರೆ ಉಳಿದ ಬದಿಯ ಹಲ್ಲುಗಳೂ ಕಿತ್ತುಬರುತ್ತವೆ. ಹೊರಗೆ ಹೋಗುತ್ತದೆ, ಒಳಗೆ ಮಾತ್ರ ಬಾರದು ಎಂದಾದರೆ ಮೊದಲು ದಾರಿಗೆ ಅಡ್ಡ ಬಿದ್ದದ್ದೇನೆಂದು ಹುಡುಕಿ: ಸ್ಲೈಡಿನ ನೆಲದಡಿ ಉರುಳಿದ ಆಟಿಕೆ, ಚಪ್ಪಲಿ, ಅರೆತೆರೆದ ಡ್ರಾಯರ್. ಏನೂ ಇಲ್ಲದಿದ್ದರೆ ಸ್ವಿಚ್ ಅಥವಾ ಆ ದಿಕ್ಕಿನ ರಿಲೇ.

ಹೈಡ್ರಾಲಿಕ್‌ನಲ್ಲಿ ಪಂಪು ಗುಂಯ್‌ಗುಡುತ್ತಾ ಕೆಲಸ ನಡೆಯದಿದ್ದರೆ ಎಣ್ಣೆ ನೋಡಿ. ಎಲ್ಲ ಸ್ಲೈಡ್‌ಗಳೂ ಒಳಗಿದ್ದಾಗಿನ ಮಟ್ಟವೇ ನಿಜವಾದದ್ದು. ಚಾಚಿರುವಾಗ ತುಂಬಿಸಿದರೆ ಒಳಗೆಳೆದಾಗ ಉಕ್ಕಿ ಚೆಲ್ಲುತ್ತದೆ. ಬಹಳಷ್ಟು ಪಂಪುಗಳಿಗೆ ಹಾಕುವುದು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಒಳಗಿನ ಸೀಲ್‌ಗಳೆಲ್ಲ ಹೋದಂತೆ. ಸೋರಿಕೆ ಹುಡುಕಲು ಪೈಪಿನ ಮೇಲೆ ಬೆರಳಾಡಿಸಬೇಡಿ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಶ್ವಿಂಟೆಕ್ ಮುಷ್ಕರ ಹೂಡಿದರೆ ಕಂಟ್ರೋಲರ್ ಪೆಟ್ಟಿಗೆಯ ದೀಪಗಳು ಮಿನುಗುತ್ತವೆ. ಎಷ್ಟು ಸಲ ಎಂದು ಎಣಿಸಿ ಕೈಪಿಡಿಯ ಪಟ್ಟಿಗೆ ಹೋಲಿಸಿ. ಬರೀ ಹೆಜ್ಜೆ ತಪ್ಪಿದ್ದಾದರೆ ಪೂರ್ತಿ ಹೊರಗೆ ತಳ್ಳಿ, ಎರಡೂ ಮೋಟರ್ ನಿಲ್ಲುವವರೆಗೆ ಹಿಡಿದು, ಒಂದೆರಡು ಇಂಚು ಒಳಗೆ ತಂದು, ಮತ್ತೆ ಹೊರಗೆ ಒತ್ತಿ ಹಿಡಿಯಿರಿ. ಎರಡೂ ಒಟ್ಟಿಗೆ ನಿಂತರೆ ಸರಿಹೋದಂತೆ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲರಿನ ಮೋಡ್ ಬಟನ್ನನ್ನು ಬೇಗ ಬೇಗ ಆರು ಸಲ ಒತ್ತಿ, ಏಳನೆಯ ಸಲ ಸುಮಾರು ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಂಪು, ಹಸಿರು ದೀಪಗಳು ಮಿನುಗಿದ ಮೇಲೆ ಗೋಡೆಯ ಸ್ವಿಚ್ಚಿನಿಂದ ಒಳಗೆ ತನ್ನಿ. ಈ ಸ್ಥಿತಿಯಲ್ಲಿ ಎರಡು ಮೋಟರ್‌ಗಳ ಹೆಜ್ಜೆ ಹೊಂದಿಸುವವರು ಯಾರೂ ಇಲ್ಲ, ಆದ್ದರಿಂದ ಹೊರಗೆ ನಿಂತವರ ಕಣ್ಣು ಎರಡೂ ಬದಿಯ ಮೇಲಿರಬೇಕು.

ಕೊನೆಯ ದಾರಿ ಕೈಬಲ. ರ‍್ಯಾಕ್ ವ್ಯವಸ್ಥೆಯಲ್ಲಿ ಮೋಟರಿನ ಬ್ರೇಕ್ ಸಡಿಲಿಸಿ, ಹಿಡಿಕೆ ಅಥವಾ ಡ್ರಿಲ್‌ನಿಂದ ನಿಧಾನ ವೇಗದಲ್ಲಿ ತಿರುಗಿಸಿ. ಸೀಲ್ ಅಮುಕಿ ಕೂತ ಕೂಡಲೇ ನಿಲ್ಲಿಸಿ, ಡ್ರಿಲ್ಲಿಗೆ ಸಾಕೆನ್ನುವುದು ಗೊತ್ತಿಲ್ಲ. ಶ್ವಿಂಟೆಕ್‌ನಲ್ಲಿ ಎರಡೂ ಬದಿಯ ಮೋಟರ್ ಹಿಡಿದ ಸ್ಕ್ರೂ ಬಿಚ್ಚಿ, ಮೋಟರನ್ನು ಗೇರಿನಿಂದ ಬಿಡುವಷ್ಟು ಮೇಲಕ್ಕೆತ್ತಿ ಕಟ್ಟಿ, ಮೂರು ನಾಲ್ಕು ಜನ ಒಟ್ಟಿಗೆ ತಳ್ಳಬೇಕು. ಕೈ ಇಡಬೇಕಾದ್ದು ಕೆಳಮೂಲೆಗಳ ಹತ್ತಿರ. ನಡುಗೋಡೆ, ಕಿಟಕಿಗಳ ಮೇಲೆ ಒತ್ತಿದರೆ ಗೋಡೆಯೇ ಬಾಗುತ್ತದೆ.

ಬಿಡಾರ ಎತ್ತುವ ಬೆಳಗ್ಗೆ ಸ್ಲೈಡಿನ ತಲೆಯ ಮೇಲೆ ಬಿದ್ದ ಎಲೆ, ಕಡ್ಡಿ, ಮಂಜುಗಡ್ಡೆಯನ್ನು ಪೊರಕೆಯಿಂದ ತೆಗೆಯಿರಿ. ಮೇಲ್ಬಟ್ಟೆಯಿದ್ದು ಅದರಲ್ಲಿ ಮಳೆನೀರು ಜೋಲು ಕಟ್ಟಿದ್ದರೆ ಒಂದಡಿ ಒಳಗೆಳೆದು ನೀರು ಸುರಿದುಹೋಗಲು ಬಿಟ್ಟು, ಮತ್ತೆ ಪೂರ್ತಿ ಹೊರಗೊಯ್ದು, ಆಮೇಲೆ ಒಂದೇ ಓಟದಲ್ಲಿ ಒಳಗೆ ತನ್ನಿ. ಮಡಚಿಕೊಂಡ ಸೀಲಿನ ಅಂಚನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಬಿಡಿಸಿ. ಹಾಗೇ ಬಿಟ್ಟರೆ ದಾರಿಯ ಮಳೆಯೆಲ್ಲ ಒಳಗೆ. ಹೊರಡುವ ಅವಸರದಲ್ಲಲ್ಲ, ಹೊರಡುವುದಕ್ಕೆ ಎರಡು ಗಂಟೆ ಮೊದಲು ಈ ಕೆಲಸ ಮುಗಿಸಿ.

ಕೈಯಿಂದ ಒಳಗೆ ತಂದ ಸ್ಲೈಡಿನಲ್ಲಿ ಒಂದು ಅಪಾಯ ಉಳಿದಿರುತ್ತದೆ. ಮೋಟರಿನ ಬ್ರೇಕ್ ಮತ್ತೆ ಹಾಕದಿದ್ದರೆ, ಎತ್ತಿದ ಮೋಟರನ್ನು ಗೇರಿಗೆ ಇಳಿಸದಿದ್ದರೆ, ಅದನ್ನು ಒಳಗೆ ಹಿಡಿದಿಡುವುದು ಏನೂ ಇಲ್ಲ, ತಿರುವಿನಲ್ಲಿ ತಾನಾಗಿ ಹೊರಗೆ ಜಾರುತ್ತದೆ. ಎರಡನ್ನೂ ಸ್ವಸ್ಥಾನಕ್ಕೆ ತಂದ ಮೇಲೂ ಒಳಗಿನಿಂದ, ಸ್ಲೈಡಿನ ಒಳಅಂಚಿನ ಚಾಚುಪಟ್ಟಿಗೂ ಗಾಡಿಯ ಗೋಡೆಗೂ ನಡುವಿನ ಅಂತರಕ್ಕೆ ಸರಿಯಾಗಿ ಕತ್ತರಿಸಿದ ಮರದ ತುಂಡುಗಳನ್ನು ಮೇಲೊಂದು ಕೆಳಗೊಂದು ಕೂರಿಸಿ, ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಿರಿ. ಸ್ಲೈಡಿನ ಸ್ವಿಚ್ಚಿಗೆ ಟೇಪ್ ಹಚ್ಚಿ, ಯಾರೂ ಮರೆತು ಒತ್ತದಿರಲಿ. ಹೊರಟ ಮೇಲೆ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ, ಇಳಿದು, ಸ್ಲೈಡಿನ ನಾಲ್ಕೂ ಅಂಚು ಗೋಡೆಗೆ ಒತ್ತಿಕೊಂಡೇ ಇವೆಯೇ ಎಂದು ನೋಡಿ.