ನಿಮ್ಮವರನ್ನು ಏನೆಂದು ಕರೆಯಬೇಕು?

"ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳಲಾ? ನಿಮ್ಮವರನ್ನು ಏನೆಂದು ಕರೆಯಬೇಕು?" ಯಲ್ಲಾಪುರದ ಕಡೆಯ ಸಿದ್ದಿ ಮನೆಯಲ್ಲಿ ಹುಟ್ಟಿ, ಶಿರಸಿಯಲ್ಲಿ ಉದ್ಯೋಗ ಮಾಡಿಕೊಂಡಿರುವ ನನಗೆ ಈ ಪ್ರಶ್ನೆ ಮದುವೆಯ ಪಂಕ್ತಿಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ, ಕಚೇರಿಯ ಚಹಾದ ಹೊತ್ತಿನಲ್ಲಿ ಎದುರಾಗುತ್ತಲೇ ಇರುತ್ತದೆ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುವವನಿದ್ದೇನೆ.

ಸಿದ್ದಿ ಎನ್ನಿ. ನಾವೂ ಹಾಗೆಯೇ ಅನ್ನುತ್ತೇವೆ, ನಮ್ಮಲ್ಲಿ ಎಷ್ಟೋ ಜನರ ಹೆಸರಿನ ಕೊನೆಗೆ ಅದೇ ಇದೆ. ಆದರೆ ಇಷ್ಟು ಸಣ್ಣ ಉತ್ತರ ಕೇಳಿದವರಿಗೆ ಸಾಲುವುದಿಲ್ಲ. ಆದಿವಾಸಿ ಎಂದರೆ ಹೆಚ್ಚು ಗೌರವವೇ, ಬುಡಕಟ್ಟು ಎಂದರೆ ಕಡಿಮೆಯೇ, ಗಿರಿಜನ ಸರಿಯೇ, ವನವಾಸಿ ತಪ್ಪೇ ಎಂದು ಅವರು ತರಕಾರಿ ಆರಿಸುವವರಂತೆ ಒಂದೊಂದನ್ನೇ ಎತ್ತಿ ತೋರಿಸುತ್ತಾರೆ. ಪೂರ್ವ ಆಫ್ರಿಕಾದ ಕಡೆಯಿಂದ ಸಮುದ್ರ ದಾಟಿಸಿ ತಂದು, ಪೋರ್ಚುಗೀಸರ ಗೋವಾದಲ್ಲಿ ಮಾರಾಟವಾಗಿ, ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದವರ ಸಂತತಿ ನಾವು. ಆದಿಯಿಂದ ಇಲ್ಲೇ ಇದ್ದೆವು ಎಂದು ಹೇಳಿಕೊಳ್ಳಲು ನನಗೇ ಸಂಕೋಚವಾಗುತ್ತದೆ. ಹಾಗೆಂದು ಆ ಚರ್ಚೆ ಹಗುರವಾದದ್ದೇನೂ ಅಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಅವರು ಆದಿವಾಸಿ ಎಂಬ ಹೆಸರೇ ಇರಲಿ ಎಂದು ವಾದಿಸಿದ್ದರು, ಅಂಬೇಡ್ಕರರು ಅದಕ್ಕೆ ನಿಖರವಾದ ಕಾನೂನಿನ ಅರ್ಥವಿಲ್ಲವೆಂದು ಪರಿಶಿಷ್ಟ ಪಂಗಡವೆಂಬುದನ್ನೇ ಉಳಿಸಿಕೊಂಡರು. ಅವರಿಬ್ಬರೂ ಹಕ್ಕಿನ ಮಾತಾಡುತ್ತಿದ್ದರು. ನನ್ನನ್ನು ಕೇಳುವವರಿಗೆ ಬೇಕಾಗಿರುವುದು ತಾವು ಒಳ್ಳೆಯವರೆಂಬ ಪ್ರಮಾಣಪತ್ರ.

ಒಬ್ಬ ಮಹನೀಯರಂತೂ ನನ್ನ ಉತ್ತರವನ್ನು ಶ್ರದ್ಧೆಯಿಂದ ಫೋನಿನಲ್ಲಿ ಬರೆದುಕೊಂಡರು. ಮರುಕ್ಷಣವೇ ತಮ್ಮ ಅಡಿಕೆ ತೋಟದಲ್ಲಿದ್ದ, ಅವರ ತಂದೆಯ ಪ್ರಾಯದ ನಮ್ಮವರೊಬ್ಬರ ಕಡೆ ತಿರುಗಿ "ಏ ಸಿದ್ದಿ, ಕೊನೆ ಇಳಿಸಿ ಮುಗೀತನೋ?" ಎಂದರು. ಹೆಸರು ಸರಿಯಾಗಿಯೇ ಇತ್ತು, ನಾನೇ ಹೇಳಿಕೊಟ್ಟದ್ದಲ್ಲವೇ! ಅರವತ್ತು ದಾಟಿದವರಿಗೆ ಬಹುವಚನ ಬೇಕೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ನಮ್ಮಂಥವೇ ಬೇರೆ ಸಮುದಾಯಗಳಾದ ಹಾಲಕ್ಕಿಗಳಿಗೂ ಗೌಳಿಗಳಿಗೂ ಕುಣಬಿಗಳಿಗೂ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಸರಿನ ಕೊರತೆಯಿಲ್ಲ, 'ಬನ್ನಿ, ಕುಳಿತುಕೊಳ್ಳಿ' ಎಂಬುದರದ್ದೇ ಕೊರತೆ.

ಸಂಸ್ಕೃತಿಯ ಮಾತು ಇದಕ್ಕಿಂತ ತಮಾಷೆಯದು. ಕರಾವಳಿಯ ಒಂದು ಊರಿನ ಉತ್ಸವಕ್ಕೆ ನಮ್ಮ ಹೆಂಗಸರು ಡಮಾಮಿ ಕುಣಿತಕ್ಕೆಂದು ಹೋಗಿದ್ದಾಗ ಜೊತೆಗೆ ನಾನೂ ಇದ್ದೆ. ಸಂಘಟಕರು ವೇದಿಕೆಯ ಹಿಂದೆ ನನ್ನನ್ನು ಕೂರಿಸಿಕೊಂಡು, ನಮ್ಮವರನ್ನು ಏನೆಂದು ಪರಿಚಯಿಸಿದರೆ ನೋವಾಗುವುದಿಲ್ಲ ಎಂದು ಬಹಳ ವಿನಯದಿಂದ ವಿಚಾರಿಸಿದರು. ಆಮೇಲೆ, ಒಳ್ಳೆಯ ಸೀರೆ ಉಟ್ಟು ನಿಂತಿದ್ದ ನಮ್ಮ ಅತ್ತೆಯನ್ನು ನೋಡಿ, ಅಷ್ಟೇ ವಿನಯದಿಂದ "ಎಲೆ ತಂದಿಲ್ಲವೇ?" ಎಂದು ಕೇಳಿದರು. ಎಲೆ ಕಟ್ಟಿಕೊಂಡು ಕುಣಿದರೆ ಅಲ್ಲವೇ ಸಂಸ್ಕೃತಿ! "ಎಲೆ ಊಟಕ್ಕೆ ಹಾಕುತ್ತೀರಲ್ಲ, ಆಗ ನೋಡುವಾ" ಎಂದು ಅತ್ತೆ ಹೇಳಿದ್ದು ಅವರಿಗೆ ಅರ್ಥವಾಯಿತೋ ಇಲ್ಲವೋ, ಕಾರ್ಯಕ್ರಮ ಸೀರೆಯಲ್ಲಿಯೇ ನಡೆಯಿತು.

ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೌದಿಯ ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಹೂವು ಹೊಲಿಯದಿದ್ದರೆ ಅದು ಬತ್ತಲೆ ಕೌದಿಯೆಂದು ನಮ್ಮ ಹೆಂಗಸರು ಹೇಳುತ್ತಾರೆ. ಇದನ್ನು ಯಾರೂ ವೇದಿಕೆಯ ಮೇಲೆ ಕೇಳುವುದಿಲ್ಲ. ಸಾವಿರಾರು ಗಿಡ ಬೆಳೆಸಿದ, ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ಎಲ್ಲರ ಮೊಬೈಲಿನಲ್ಲಿ ಹರಿದಾಡಿದ್ದು ಅವರ ಬರಿಗಾಲು. ಯಾವ ತಾಯಿಮರದಿಂದ ಯಾವಾಗ ಬೀಜ ಆಯಬೇಕೆಂಬ ಅವರ ತಿಳಿವಳಿಕೆ ಫೋಟೋದಲ್ಲಿ ಹಿಡಿಯುವಂಥದ್ದಾಗಿರಲಿಲ್ಲ.

ಸರ್ಕಾರಕ್ಕೂ ಸಂಸ್ಕೃತಿಯೆಂದರೆ ನೋಡಿದ ಕೂಡಲೇ ಬೇರೆಯಾಗಿ ಕಾಣಬೇಕಾದ ವಸ್ತು. ಪರಿಶಿಷ್ಟ ಪಂಗಡವನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಹಾಕಿಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ನಾಚಿಕೆ, ಹಿಂದುಳಿದಿರುವಿಕೆ. ನಾಚಿಕೆಯ ವಿಷಯದಲ್ಲಿ ನಮ್ಮ ಅತ್ತೆ ಖಂಡಿತ ಅನುತ್ತೀರ್ಣ. ನಮ್ಮನ್ನು 2003ರಲ್ಲಿ ಪಟ್ಟಿಗೆ ಸೇರಿಸಿದರು, ಆದರೆ ಉತ್ತರ ಕನ್ನಡದಲ್ಲಿ ಮಾತ್ರ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿರುವ ನಮ್ಮದೇ ನೆಂಟರು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಹಾಲಕ್ಕಿಗಳು, ಗೌಳಿಗಳು, ಕುಣಬಿಗಳು ಇನ್ನೂ ಕಾಯುತ್ತಿದ್ದಾರೆ.

ಅದಕ್ಕಾಗಿಯೇ, ಕೇಳಲೇಬೇಕೆಂದಿದ್ದರೆ, ನಿಮ್ಮವರು ಉಳುವ ಜಮೀನಿನ ಹಕ್ಕುಪತ್ರ ಬಂತೇ ಎಂದು ಕೇಳಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಮೀನಿನಲ್ಲಿ ಇದ್ದರೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿಯೇ ನೆಲೆಸಿ ಅದನ್ನೇ ನಂಬಿ ಬದುಕಿದ್ದನ್ನು ರುಜುವಾತು ಮಾಡಬೇಕು. ನಮ್ಮ ಮನೆಯ ಬದಿಯ ಗೌಳಿಯವರೂ ನಾವೂ ಒಂದೇ ಹಳ್ಳದ ನೀರು ಕುಡಿದವರು, ಅರ್ಜಿ ಹಾಕುವಾಗ ಮಾತ್ರ ನಮ್ಮ ದಾರಿ ಬೇರೆ, ಅವರ ದಾರಿ ಬೇರೆ. ಎಮ್ಮೆ ಕಾಯುತ್ತ ಬದುಕಿದ ಅಜ್ಜ 1930ರಲ್ಲಿ ಇಲ್ಲಿದ್ದನೆಂಬುದಕ್ಕೆ ಅವರು ಯಾವ ಕಾಗದ ತರಬೇಕು?

ಕಾಗದವೊಂದೇ ಸಾಕ್ಷಿಯಲ್ಲ ಎಂದು ಕಾಯ್ದೆಯ ನಿಯಮಗಳಲ್ಲಿಯೇ ಇದೆ. ಅರ್ಜಿದಾರರಲ್ಲದ ಹಿರಿಯರು ನೀಡುವ ಲಿಖಿತ ಹೇಳಿಕೆಯೂ ಇತರ ಪುರಾವೆಯ ಜೊತೆಗೆ ಪರಿಗಣನೆಗೆ ಬರುತ್ತದೆ. ಈ ಊರುಗಳ ಹಳೆಯ ತೋಟಿಗರ ಮನೆಗಳಲ್ಲಿ, ಯಾವ ಗೌಳಿ ಯಾವ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಎಮ್ಮೆ ಕಟ್ಟುತ್ತಿದ್ದ, ಯಾವ ಮನೆಗೆ ತುಪ್ಪ ತಂದು ಕೊಡುತ್ತಿದ್ದ ಎಂದು ಚೆನ್ನಾಗಿ ಬಲ್ಲ ಅಜ್ಜ ಅಜ್ಜಿಯರಿದ್ದಾರೆ. ನನ್ನ ಬೇಜಾರಿನ ಬಗ್ಗೆ ಅಷ್ಟೊಂದು ಕಾಳಜಿ ಇರುವವರು ಆ ಹಿರಿಯರನ್ನು ಒಂದು ದಿನ ಈ ಅರ್ಜಿಗಳನ್ನು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯ ಮುಂದೆ ಕರೆತಂದು, ಗೊತ್ತಿರುವುದನ್ನು ಬರೆಸಿ ಸಹಿ ಹಾಕಿಸಲಿ.